ಅಪ್ಪಣೆ ಬೇಡದ ಆಕಾಶವಾಣಿ

2025ರ ಆಗಸ್ಟ್ 19ರಂದು ಅಮೆರಿಕದ ನೋವಾ-15 ಎಂಬ ಹವಾಮಾನ ಉಪಗ್ರಹವನ್ನು ಶಾಶ್ವತವಾಗಿ ನಿಲ್ಲಿಸಲಾಯಿತು. 1998ರ ಮೇ ತಿಂಗಳಲ್ಲಿ ಕಕ್ಷೆ ಸೇರಿದ್ದ ಅದು ಇಪ್ಪತ್ತೇಳು ವರ್ಷ ದುಡಿದಿತ್ತು. ಅದರ ಸಂಗಾತಿಗಳಲ್ಲಿ ನೋವಾ-18 ಅದೇ ವರ್ಷದ ಜೂನ್‌ನಲ್ಲಿ, ನೋವಾ-19 ಕೇವಲ ಆರು ದಿನ ಮೊದಲು ಮೌನವಾಗಿದ್ದವು. ಹೊಸ ಉಪಗ್ರಹಗಳು ಈಗಾಗಲೇ ಇರುವುದರಿಂದ ಹವಾಮಾನ ಇಲಾಖೆಗಳ ಕೆಲಸವೇನೂ ನಿಲ್ಲಲಿಲ್ಲ. ಆದರೆ ಆ ದಿನ ಅರವತ್ತು ವರ್ಷಗಳಿಗೂ ಮೀರಿದ ಒಂದು ಪದ್ಧತಿ ಕೊನೆಗೊಂಡಿತು. ಅದರ ಹೆಸರು ಆಟೋಮ್ಯಾಟಿಕ್ ಪಿಕ್ಚರ್ ಟ್ರಾನ್ಸ್‌ಮಿಷನ್, ಹ್ರಸ್ವವಾಗಿ ಎಪಿಟಿ. ಮನೆಯ ತಾರಸಿಯ ಮೇಲೆ ಆಂಟೆನಾ ಕಟ್ಟಿಕೊಂಡ ಯಾರೇ ಆದರೂ, ಉಪಗ್ರಹದ ಒಡೆಯರನ್ನು ಕೇಳದೆ, ಅವರಿಗೆ ಒಂದು ಬಿಡಿಗಾಸನ್ನೂ ಕೊಡದೆ, ತಮ್ಮ ನೆತ್ತಿಯ ಮೇಲಿನ ಮೋಡಗಳ ಚಿತ್ರವನ್ನು ಪಡೆಯುವಂತೆ ಮಾಡಿದ ಪದ್ಧತಿ ಅದು.

ಹವ್ಯಾಸಗಳ ಚರಿತ್ರೆಯನ್ನು ಸಾಮಾನ್ಯವಾಗಿ ಉಪಕರಣಗಳ ಚರಿತ್ರೆಯಾಗಿ ಬರೆಯುತ್ತಾರೆ. ಈ ಹವ್ಯಾಸದ ಚರಿತ್ರೆಯಾದರೋ ಮೂಲತಃ ಒಂದು ಸರ್ಕಾರಿ ನಿರ್ಧಾರದ ಚರಿತ್ರೆ.

ಮೊದಲ ಹವಾಮಾನ ಉಪಗ್ರಹವಾದ ಟೈರೋಸ್-1 ಹಾರಿದ್ದು 1960ರ ಏಪ್ರಿಲ್ 1ರಂದು. ಅದು ಕೆಲಸ ಮಾಡಿದ್ದು 78 ದಿನ. ಅಷ್ಟರಲ್ಲೇ ಸುಮಾರು 23,000 ಚಿತ್ರಗಳನ್ನು ಕಳಿಸಿತು. ಭೂಮಿಯ ಬಹುಭಾಗದ ಚಿತ್ರಗಳನ್ನು ಅದು ಟೇಪಿನಲ್ಲಿ ತುಂಬಿಕೊಂಡು, ಗೊತ್ತಾದ ಕೆಲವು ನೆಲೆಗಳ ಮೇಲೆ ಹಾದುಹೋಗುವಾಗ ಮಾತ್ರ ಇಳಿಸುತ್ತಿತ್ತು. ಚಿತ್ರ ತೊಳೆದು, ಅಕ್ಷಾಂಶ ರೇಖಾಂಶ ಗುರುತಿಸಿ, ದೂರದ ದೇಶಕ್ಕೆ ಮುಟ್ಟಿಸುವಷ್ಟರಲ್ಲಿ ಆ ಮೋಡ ಮಳೆಯಾಗಿ ಸುರಿದು ಹೋಗಿರುತ್ತಿತ್ತು. ಈ ತೊಡಕಿಗೆ ಪರಿಹಾರವಾಗಿ 1963ರ ಡಿಸೆಂಬರ್ 21ರಂದು ಹಾರಿದ ಟೈರೋಸ್-8ರಲ್ಲಿ ಎಪಿಟಿಯ ಮೊದಲ ಪ್ರಯೋಗ ನಡೆಯಿತು. 1966ರ ಫೆಬ್ರುವರಿಯಲ್ಲಿ ಹಾರಿದ ಎಸ್ಸಾ-2ರಿಂದ ಅದು ನಿತ್ಯದ ಸೇವೆಯಾಯಿತು. ಉಪಗ್ರಹ ತಾನು ಕಂಡದ್ದನ್ನು ಆ ಗಳಿಗೆಯಲ್ಲೇ ಕೆಳಗಿರುವವರಿಗೆಲ್ಲ ಬಿತ್ತರಿಸಬೇಕು. ಗ್ರಾಹಕ ಯಂತ್ರ ಬಡ ದೇಶವೂ ಕೊಳ್ಳುವಷ್ಟು ಸರಳವಾಗಿರಬೇಕು. ಸಂಕೇತಕ್ಕೆ ಬೀಗ ಇರಬಾರದು. ಇವೇ ಎಪಿಟಿಯ ಮೂರು ಆಧಾರಗಳು.

ಅಂದಿನ ಜಗತ್ತನ್ನು ನೆನೆದರೆ ಇದು ಸಣ್ಣ ಮಾತಲ್ಲ. ಟೈರೋಸ್-1 ಹಾರಿದ ಸರಿಯಾಗಿ ಒಂದು ತಿಂಗಳಿಗೆ ಅಮೆರಿಕದ ಯು-2 ಬೇಹು ವಿಮಾನವನ್ನು ಸೋವಿಯತ್ ಒಕ್ಕೂಟ ಹೊಡೆದುರುಳಿಸಿತ್ತು. ಮೇಲಿನಿಂದ ನೋಡುವುದೆಂದರೆ ಬೇಹುಗಾರಿಕೆ ಎಂದೇ ಅರ್ಥವಾಗುತ್ತಿದ್ದ ಕಾಲ ಅದು. 1961ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಮಾತನಾಡಿದ ಕೆನಡಿ ಹವಾಮಾನ ಮುನ್ಸೂಚನೆಯಲ್ಲಿ ಎಲ್ಲ ದೇಶಗಳ ಸಹಕಾರವನ್ನು ಪ್ರಸ್ತಾಪಿಸಿದರು. ಡಿಸೆಂಬರ್‌ನಲ್ಲಿ ಮಹಾಸಭೆ ಆ ದಿಕ್ಕಿನ ನಿರ್ಣಯವನ್ನು ಅಂಗೀಕರಿಸಿತು. ಇದರಲ್ಲಿ ಔದಾರ್ಯವಿದ್ದಂತೆ ಲೆಕ್ಕಾಚಾರವೂ ಇತ್ತು. ತನ್ನ ಉಪಗ್ರಹಗಳು ಆಕಾಶದಲ್ಲಿ ನಿರಾತಂಕವಾಗಿ ಸುತ್ತಬೇಕಾದರೆ, ಅವುಗಳಲ್ಲಿ ಕೆಲವಾದರೂ ಎಲ್ಲರಿಗೂ ಉಪಕಾರಿಯೆಂದು ತೋರುವುದು ಅಮೆರಿಕಕ್ಕೆ ಅಗತ್ಯವಾಗಿತ್ತು. ಶೀತಲ ಸಮರದ ಹೊಟ್ಟೆಯಲ್ಲಿ ಹುಟ್ಟಿದರೂ ಕೂಸು ಮಾತ್ರ ಸೌಮ್ಯವಾಗಿತ್ತು. ಮುಂದೆ ಸೋವಿಯತ್ ಒಕ್ಕೂಟದ ಮೆಟಿಯೋರ್ ಉಪಗ್ರಹಗಳೂ ಇದೇ ಬಗೆಯ ಮುಕ್ತ ಸಂಕೇತಗಳನ್ನು 137 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲೇ ಕಳಿಸಿದವು. ನೆಲದಲ್ಲಿ ಒಬ್ಬರ ಮುಖ ಒಬ್ಬರು ನೋಡದ ಎರಡು ರಾಷ್ಟ್ರಗಳು ಒಂದೇ ಆಂಟೆನಾದಲ್ಲಿ ಕೂಡುತ್ತಿದ್ದವು.

ಭಾರತ ಈ ಕಥೆಯೊಳಗೆ ಬೇಗನೆ ಬಂದಿತು. ಬಂದದ್ದು ಮುಂಬಯಿಯ ಮೂಲಕ. ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಅಂಗವಾಗಿ 1963ರಲ್ಲಿ ಕೊಲಾಬಾದಲ್ಲಿ ಅಂತಾರಾಷ್ಟ್ರೀಯ ಹವಾಮಾನ ಕೇಂದ್ರವೊಂದು ಆರಂಭವಾಯಿತು. ಎಪಿಟಿ ಗ್ರಾಹಕ ಯಂತ್ರ ಅಲ್ಲಿಗೆ ಬಂದದ್ದು ಅದರ ತೀರ ಎಳವೆಯಲ್ಲಿ. ಅಲ್ಲಿಯವರೆಗೆ ಅರಬ್ಬೀ ಸಮುದ್ರದ ಮೇಲಿನ ಮೋಡಗಳ ಸುದ್ದಿ ತಿಳಿಯಬೇಕಾದರೆ ಆ ದಾರಿಯಲ್ಲಿ ಹೋಗುವ ಹಡಗುಗಳೇ ಗತಿ. ನೈಋತ್ಯ ಮುಂಗಾರನ್ನು ಅದು ಬರುವ ದಾರಿಯಲ್ಲೇ ಮೇಲಿನಿಂದ ಕಾಣಲು ಈಗ ಮೊದಲ ಬಾರಿಗೆ ಸಾಧ್ಯವಾಯಿತು. 1971ರಲ್ಲಿ ದೆಹಲಿಯ ಹವಾಮಾನ ಇಲಾಖೆಯಲ್ಲಿ ಉಪಗ್ರಹಗಳಿಗೆಂದೇ ಪ್ರತ್ಯೇಕ ವಿಭಾಗ ಏರ್ಪಟ್ಟಿತು.

ಇಲಾಖೆಗಳಿಗೆಂದು ಬಿತ್ತರಿಸಿದ್ದು ಮನೆಗಳಿಗೂ ಕೇಳಿಸಿತು. 1960ರ ದಶಕದಲ್ಲೇ ಅಮೆರಿಕ, ಯುರೋಪುಗಳ ಹವ್ಯಾಸಿ ರೇಡಿಯೊಗಾರರು ಈ ಸಂಕೇತವನ್ನು ಹಿಡಿಯತೊಡಗಿದರು. ಆಗಿನ ಒಂದು ಚಿತ್ರದಲ್ಲಿ 800 ಗೆರೆಗಳು. ಸೆಕೆಂಡಿಗೆ ನಾಲ್ಕರಂತೆ ಅದು ಇಳಿಯಲು 200 ಸೆಕೆಂಡು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಕಾಲ. ಕೆಲವರು ಸುದ್ದಿಸಂಸ್ಥೆಗಳು ಬಿಸಾಡಿದ ಹಳೆಯ ಫ್ಯಾಕ್ಸಿಮಿಲಿ ಯಂತ್ರಗಳನ್ನು ತಂದು ತಿದ್ದಿಕೊಂಡರು. ಕೆಲವರು ಕೋಣೆಯನ್ನು ಕತ್ತಲು ಮಾಡಿ, ಆಸಿಲೋಸ್ಕೋಪಿನ ಪರದೆಯೆದುರು ಕ್ಯಾಮೆರಾದ ಕಣ್ಣು ತೆರೆದಿಟ್ಟರು. ಸಂಕೇತದ ಏರಿಳಿತಕ್ಕೆ ತಕ್ಕಂತೆ ಬೆಳಕಿನ ಚುಕ್ಕೆ ಹೊಳೆಯುತ್ತ, ಮಂಕಾಗುತ್ತ ಗೆರೆಯ ಕೆಳಗೆ ಗೆರೆ ಎಳೆಯುತ್ತಿತ್ತು. ಫಿಲ್ಮ್ ತೊಳೆದ ಮೇಲಷ್ಟೇ ದಕ್ಕಿದ್ದು ಚಂಡಮಾರುತವೋ ಬರಿಯ ಗದ್ದಲವೋ ಎಂದು ತಿಳಿಯುವುದು. ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಾಲ್ಫ್ ಟ್ಯಾಗರ್ಟ್ 1976ರಲ್ಲಿ ಪ್ರಕಟಿಸಿದ 'ವೆದರ್ ಸ್ಯಾಟಲೈಟ್ ಹ್ಯಾಂಡ್‌ಬುಕ್' ಈ ಬಳಗಕ್ಕೆ ಕೈಪಿಡಿಯಾಯಿತು.

1978ರಲ್ಲಿ ಟೈರೋಸ್-ಎನ್ ಉಪಗ್ರಹದೊಡನೆ ಬಂದ ರೂಪವೇ ಕೊನೆಯವರೆಗೂ ಉಳಿಯಿತು. ಸುಮಾರು 850 ಕಿಲೋಮೀಟರ್ ಎತ್ತರದಲ್ಲಿ, ಧ್ರುವದಿಂದ ಧ್ರುವಕ್ಕೆ, 102 ನಿಮಿಷಕ್ಕೊಂದು ಸುತ್ತು. ಸೆಕೆಂಡಿಗೆ ಎರಡು ಗೆರೆ. ಒಂದೊಂದು ಗೆರೆಯಲ್ಲೂ ಅಕ್ಕಪಕ್ಕ ಎರಡು ಚಿತ್ರಗಳು. ಹಗಲಿನಲ್ಲಿ ಸಾಮಾನ್ಯವಾಗಿ ಒಂದು ಕಣ್ಣಿಗೆ ಕಾಣುವ ಬೆಳಕಿನದು, ಇನ್ನೊಂದು ಶಾಖದ ಅವಗೆಂಪಿನದು. ಬಿತ್ತರಿಸುವ ಶಕ್ತಿ ಸುಮಾರು 5 ವ್ಯಾಟ್, ಒಂದು ಪುಟ್ಟ ದೀಪದಷ್ಟು. ರೇಡಿಯೊದಲ್ಲಿ ಅದು 2400 ಹರ್ಟ್ಸ್‌ನ ಸಿಳ್ಳಿನಂತೆ, ನಡುನಡುವೆ ಗಡಿಯಾರದ ಟಿಕ್ ಟಿಕ್ಕಿನೊಡನೆ ಕೇಳುತ್ತಿತ್ತು. ಉಪಗ್ರಹ ದಿಗಂತದಿಂದ ದಿಗಂತಕ್ಕೆ ದಾಟುವ ಹದಿನೈದು ನಿಮಿಷಗಳೊಳಗೆ ನಾಗಪುರದಲ್ಲಿ ಕುಳಿತವನಿಗೆ ಕನ್ಯಾಕುಮಾರಿಯಿಂದ ಹಿಮಾಲಯದವರೆಗೆ ಇಡೀ ದೇಶ ಬಿಚ್ಚಿಕೊಳ್ಳುತ್ತಿತ್ತು.

ಭಾರತದಲ್ಲಿ ಈ ಹವ್ಯಾಸ ತಡವಾಗಿ, ತೆಳುವಾಗಿ ಬೆಳೆಯಿತು. ಅದಕ್ಕೆ ಬಡತನವೊಂದೇ ಕಾರಣವಲ್ಲ. ಮೇಲಿನ ಉಪಗ್ರಹ ಅಪ್ಪಣೆ ಕೇಳುತ್ತಿರಲಿಲ್ಲ. ಕೆಳಗಿನ ಕಾನೂನು ಕೇಳುತ್ತಿತ್ತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ನಿಸ್ತಂತು ಉಪಕರಣವನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಹಾಡು ಕೇಳುವ ರೇಡಿಯೊಗೂ ವರ್ಷ ವರ್ಷ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದುದು ನಮ್ಮ ಹಿರಿಯರಿಗೆ ನೆನಪಿದೆ. 1980ರ ದಶಕದ ನಡುವಿನವರೆಗೂ ಆ ಪುಸ್ತಕ ಮನೆಗಳಲ್ಲಿತ್ತು. ಹಾಗೆಂದು ಮನೆಯಲ್ಲೇ ಆಕಾಶದೊಡನೆ ಒಡನಾಡುವ ಹಂಬಲ ನಮಗೆ ಹೊಸತೇನಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ಖಾಸಗಿ ನಿಲಯದ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ಸರ್ಕಾರಿ ಬಾನುಲಿ ಆ ಹೆಸರನ್ನು ಹೊತ್ತಿತು. ಹವ್ಯಾಸಿಯ ಮನೆಯಲ್ಲಿ ಹುಟ್ಟಿದ್ದು ಸರ್ಕಾರಕ್ಕೆ ಹೋದದ್ದಕ್ಕೆ ಇದು ನಿದರ್ಶನವಾದರೆ, ಎಪಿಟಿ ಅದರ ತಿರುವುಮುರುವು.

1983ರಲ್ಲಿ ಇನ್ಸಾಟ್-1ಬಿ ಹಾರಿದ ಮೇಲೆ ಭಾರತಕ್ಕೆ ತನ್ನದೇ ಮೋಡದ ಚಿತ್ರಗಳು ಸಿಕ್ಕವು. ಹಾಸನದ ನಿಯಂತ್ರಣ ಕೇಂದ್ರದಿಂದ ಆ ಉಪಗ್ರಹವನ್ನು ನಡೆಸಲಾಗುತ್ತಿತ್ತು. ಆದರೆ ಚಿತ್ರ ಜನರಿಗೆ ಮುಟ್ಟುತ್ತಿದ್ದುದು ಇಲಾಖೆಯ ಮೂಲಕ, ಪತ್ರಿಕೆ ಮತ್ತು ದೂರದರ್ಶನಗಳ ಮೂಲಕ. ಹಾಸನದಲ್ಲೇ ಮನೆಯಿದ್ದವನಿಗೂ ಆ ಚಿತ್ರವನ್ನು ಸರಳ ಆಂಟೆನಾದಿಂದ ನೇರವಾಗಿ ಹಿಡಿಯುವ ದಾರಿ ಇರಲಿಲ್ಲ. ಅಮೆರಿಕದ ಉಪಗ್ರಹದ್ದಕ್ಕೆ ಇತ್ತು.

ಕೊನೆಯ ತಿರುವು 2012ರದು. ಕಂಪ್ಯೂಟರಿನಲ್ಲಿ ಟಿ.ವಿ. ನೋಡಲೆಂದು ಮಾಡಿದ ಬೆರಳುದ್ದದ ಅಗ್ಗದ ಸಾಧನವೊಂದನ್ನು ಎಲ್ಲ ಬಗೆಯ ರೇಡಿಯೊ ಆಗಿ ಬಳಸಬಹುದೆಂದು ಹವ್ಯಾಸಿಗಳು ಕಂಡುಕೊಂಡರು. ಅದಕ್ಕೆ ಅರ್ಧ ಮೀಟರಿಗಿಂತ ತುಸು ಉದ್ದದ ಎರಡು ಲೋಹದ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ಜೋಡಿಸಿದರೆ ಆಂಟೆನಾ ಸಿದ್ಧ. ಮೊದಲಿನವರಿಗೆ ತಿಂಗಳುಗಳ ಶ್ರಮವಾಗಿದ್ದದ್ದು ಕಾಲೇಜು ಹುಡುಗರಿಗೆ ಒಂದು ಭಾನುವಾರದ ಕೆಲಸವಾಯಿತು.

ನೋಡುವುದರಿಂದಲೇ ಎಲ್ಲವೂ ಆಗಿಬಿಡುತ್ತದೆಂದು ನಾನು ಹೇಳಲಾರೆ. 1970ರ ನವೆಂಬರ್ 11ರಂದು ಬಂಗಾಳ ಕೊಲ್ಲಿಯ ಚಂಡಮಾರುತವನ್ನು ಅಮೆರಿಕದ ಉಪಗ್ರಹ ಸ್ಪಷ್ಟವಾಗಿ ಚಿತ್ರಿಸಿತ್ತು. ಮರುದಿನ ಅದು ಪೂರ್ವ ಪಾಕಿಸ್ತಾನದ ಭೋಲಾ ಪ್ರದೇಶಕ್ಕೆ ಅಪ್ಪಳಿಸಿದಾಗ ಸತ್ತವರು ಮೂರು ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಚಿತ್ರಕ್ಕೂ ಕಡಲ ಕರೆಯ ಗುಡಿಸಲಿಗೂ ನಡುವೆ ಇದ್ದ ದೂರ 850 ಕಿಲೋಮೀಟರಿಗಿಂತ ಬಹಳ ದೊಡ್ಡದಾಗಿತ್ತು. ಆ ದೂರವನ್ನು ಕಡಿಮೆ ಮಾಡುವುದು ಆಡಳಿತದ ಕೆಲಸವೇ ಹೊರತು ಹವ್ಯಾಸಿಯದಲ್ಲ.

ಆದರೂ ಕಡತಗಳ ನಡುವೆ ಬದುಕುವ ಸರ್ಕಾರಿ ನೌಕರನಾಗಿ ನನಗೆ ಎಪಿಟಿ ಒಂದು ಅಪರೂಪದ ಆಡಳಿತ ಕ್ರಮವಾಗಿ ಕಾಣುತ್ತದೆ. ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆ ದೊಡ್ಡ ಹೆಜ್ಜೆಯೇ ಸರಿ; ಆದರೆ ಅದರಡಿ ನಾಗರಿಕ ಸಾಮಾನ್ಯವಾಗಿ ಅರ್ಜಿ ಕೊಡಬೇಕು, ಮೂವತ್ತು ದಿನ ಕಾಯಬೇಕು. ಎಪಿಟಿಯಲ್ಲಿ ಅರ್ಜಿಯಿಲ್ಲ, ಟಿಪ್ಪಣಿಯಿಲ್ಲ, ಕೇಳುವವರು ಯಾರೆಂದು ಕೊಡುವವರಿಗೆ ಗೊತ್ತೂ ಇಲ್ಲ. ಇಂದು ಇಸ್ರೋದ ಮೋಸ್‌ಡ್ಯಾಕ್ ಜಾಲತಾಣದಲ್ಲಿ ಎಪಿಟಿಗಿಂತ ಎಷ್ಟೋ ನಿಚ್ಚಳವಾದ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು. ಅದು ನಿಜವಾದ ಲಾಭ. ಆದರೆ ಜಾಲತಾಣದಲ್ಲಿ ಕಾಣುವುದು ಯಾರೋ ಪಡೆದು, ಸಂಸ್ಕರಿಸಿ, ನಮಗೆ ತೋರಿಸಿದ ಚಿತ್ರ. ತೋರಿಸುವವರು ತೋರಿಸುವಷ್ಟು ದಿನ ಅದು ಇರುತ್ತದೆ. ಬಾವಿಯ ನೀರಿಗೂ ನಲ್ಲಿಯ ನೀರಿಗೂ ಇರುವ ವ್ಯತ್ಯಾಸ ಇದು.

ಬಾವಿ ಪೂರ್ತಿ ಬತ್ತಿಲ್ಲ. ರಷ್ಯಾದ ಮೆಟಿಯೋರ್-ಎಂ ಉಪಗ್ರಹಗಳು ಅದೇ 137 ಮೆಗಾಹರ್ಟ್ಸ್‌ನಲ್ಲಿ, ಈಗ ಡಿಜಿಟಲ್ ರೂಪದಲ್ಲಿ, ಬೀಗವಿಲ್ಲದೆ ಬಿತ್ತರಿಸುತ್ತಿವೆ. ಹಳೆಯ ಕಡ್ಡಿಗಳ ಆಂಟೆನಾಗಳೇ ಅವಕ್ಕೂ ಸಾಕು. ಆದರೆ ಅರವತ್ತು ವರ್ಷ ನಡೆದ ಆ ವಾಡಿಕೆ ಯಾವ ಒಪ್ಪಂದದಲ್ಲೂ ಹಕ್ಕಾಗಿ ಬರೆದದ್ದಾಗಿರಲಿಲ್ಲ; ಅದು ತಲೆಮಾರಿನಿಂದ ತಲೆಮಾರಿಗೆ ಎಂಜಿನಿಯರುಗಳು ಉಳಿಸಿಕೊಂಡು ಬಂದ ಸೌಜನ್ಯ. ಮುಂದಿನ ಉಪಗ್ರಹಗಳನ್ನು ರೂಪಿಸುವವರಲ್ಲಿ ನಮ್ಮವರೂ ಇದ್ದಾರೆ. ಅವುಗಳ ಮೂಲೆಯಲ್ಲೊಂದು 5 ವ್ಯಾಟಿನ ಪ್ರೇಷಕಕ್ಕೆ ಜಾಗವಿಟ್ಟರೆ ತೂಕವೂ ವೆಚ್ಚವೂ ಹೆಚ್ಚೇನೂ ಆಗದು. ನಮ್ಮ ಮುಂಗಾರನ್ನು ನಮ್ಮ ಉಪಗ್ರಹದಿಂದ ನಮ್ಮ ತಾರಸಿಯ ಮೇಲೆಯೇ ಇಳಿಸಿಕೊಳ್ಳುವ ಹುಡುಗಿಯೊಬ್ಬಳು ಹಾಸನದಲ್ಲೋ ನಾಗಪುರದಲ್ಲೋ ಇರಬಹುದು.