ಈದ್ ಹಬ್ಬದ ತಟ್ಟೆಯಲ್ಲಿ ದಂಡಿನ ಇತಿಹಾಸ



ಇತಿಹಾಸ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ರಾಜರು, ಯುದ್ಧಗಳು, ಒಪ್ಪಂದಗಳು ಮತ್ತು ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾದ ಇಸವಿಗಳು. ಆದರೆ ಈದ್ ದಿನ ಬೆಳಿಗ್ಗೆ ನಿಮ್ಮ ಮನೆಯ ಒಲೆಯ ಮೇಲೆ ಕುದಿಯುವ ಶೀರ್ ಖುರ್ಮಾಕ್ಕೂ ಒಂದು ಇತಿಹಾಸವಿದೆ. ಅದು ಪಠ್ಯಪುಸ್ತಕದಲ್ಲಿಲ್ಲ. ನಿಮ್ಮ ದಾದಿ, ನಾನಿಯರ ನೆನಪಿನಲ್ಲಿದೆ. ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಕಡೆಯ ಮುಸ್ಲಿಂ ಮನೆಗಳ ಹಬ್ಬದ ಆಚರಣೆ ಹೇಗೆ ರೂಪುಗೊಂಡಿತು ಎಂಬುದನ್ನು ಸ್ವಲ್ಪ ಪರಿಶೀಲಿಸೋಣ.

ಪ್ರವಾದಿ ಮುಹಮ್ಮದ್ (ಸ) ಅವರು ಮದೀನಾಕ್ಕೆ ಬಂದಾಗ ಅಲ್ಲಿನ ಜನರು ವರ್ಷದಲ್ಲಿ ಎರಡು ದಿನ ಸಂಭ್ರಮಿಸುತ್ತಿದ್ದರು. ಆ ಎರಡು ದಿನಗಳಿಗೆ ಬದಲಾಗಿ ಅಲ್ಲಾಹನು ಈದುಲ್ ಫಿತ್ರ್ ಮತ್ತು ಈದುಲ್ ಅಝ್ಹಾ ಎಂಬ ಎರಡು ಉತ್ತಮ ದಿನಗಳನ್ನು ನೀಡಿದ್ದಾನೆ ಎಂದು ಪ್ರವಾದಿಯವರು ತಿಳಿಸಿದರು. ರಮಝಾನ್ ಉಪವಾಸ ಕಡ್ಡಾಯವಾದದ್ದು ಹಿಜರಿ 2ನೇ ವರ್ಷ, ಅಂದರೆ ಕ್ರಿ.ಶ. 624ರಲ್ಲಿ. ಚಾಂದ್ರಮಾನ ವರ್ಷವು ಸೌರ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಆದ್ದರಿಂದ ಸುಮಾರು 33 ವರ್ಷಗಳಲ್ಲಿ ಹಬ್ಬವು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2000ನೇ ಇಸವಿಯಲ್ಲಂತೂ ಈದುಲ್ ಫಿತ್ರ್ ಜನವರಿಯಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಬಂದಿತ್ತು.

ಧರ್ಮ ಒಂದೇ, ನಮಾಝ್ ಒಂದೇ. ಹಾಗಿದ್ದರೂ ಒಂದೇ ಗಲ್ಲಿಯ ನಾಲ್ಕು ಮನೆಗಳಲ್ಲಿ ಅಡುಗೆ ನಾಲ್ಕು ಬಗೆ ಏಕೆ? ಇದಕ್ಕೆ ಉತ್ತರ ದಂಡಿನ ಚರಿತ್ರೆಯಲ್ಲಿದೆ.

1799ರಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ನಂತರ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿನ ಹವೆ ಒಗ್ಗದೆ ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿ 1809ರಲ್ಲಿ ಹಲಸೂರಿನ ಬಳಿ ಕಂಟೋನ್ಮೆಂಟ್ ಸ್ಥಾಪಿಸಿದರು. ಜನ ಅದನ್ನು ‘ದಂಡು’ ಎಂದರು. ಸೈನಿಕರ ಹಿಂದೆಯೇ ವ್ಯಾಪಾರಿಗಳು, ದರ್ಜಿಗಳು, ಕಸಾಯಿಗಳು, ಅಡುಗೆಯವರು ಬಂದರು. ಷೀರಾಜ್‌ನಿಂದ ಕುದುರೆಗಳೊಂದಿಗೆ ಬಂದ ಆಗಾ ಅಲಿ ಅಸ್ಕರ್ ಇಲ್ಲೇ ನೆಲೆಸಿ ದಂಡಿನಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. ಗುಜರಾತಿನ ಕಛ್ ಕಡೆಯ ಮೂಲದ ಮೇಮನ್ ವರ್ತಕರು ಬಂದರು. 1864ರಲ್ಲಿ ದಂಡಿನಿಂದ ಜೋಲಾರಪೇಟೆಗೆ ರೈಲು ಆರಂಭವಾದ ಮೇಲೆ ಕೆ.ಆರ್. ಪುರದ ಮಾರ್ಗವಾಗಿ ವಾಣಿಯಂಬಾಡಿ, ಆಂಬೂರುಗಳ ನಂಟು ಬೆಳೆಯಿತು. ಮಲಬಾರಿನ ಮಾಪಿಳ್ಳೆಗಳೂ ಬಂದರು. ದಖ್ಖನಿ ಉರ್ದು ಮಾತನಾಡುವವರ ಜೊತೆಗೆ ತಮಿಳು, ಕಛ್ಛಿ, ಮಲಯಾಳ, ಕನ್ನಡ ಎಲ್ಲವೂ ಒಂದೇ ಮಸೀದಿಯ ಸಫ್‌ಗಳಲ್ಲಿ ಒಟ್ಟಾಗಿ ನಿಂತವು.

ಪ್ರತಿಯೊಬ್ಬರೂ ತಮ್ಮ ಊರಿನ ಹಬ್ಬವನ್ನು ಹೊತ್ತು ತಂದರು. ‘ಶೀರ್’ ಎಂದರೆ ಪಾರ್ಸಿ ಭಾಷೆಯಲ್ಲಿ ಹಾಲು, ‘ಖುರ್ಮಾ’ ಎಂದರೆ ಖರ್ಜೂರ. ಅದಕ್ಕೆ ನಮ್ಮ ನಾಡಿನ ಶಾವಿಗೆ ಸೇರಿತು. ಸಂಜೆ ಇಫ್ತಾರ್‌ಗೆ ಮುನ್ನ ಮಕ್ಕಳು ಪಾತ್ರೆ ಹಿಡಿದು ಮಸೀದಿಯಿಂದ ತರುವ ಗಂಜಿ ತಮಿಳು ಮುಸ್ಲಿಮರ ‘ನೋಂಬು ಕಂಜಿ’. ಅಕ್ಕಿ, ಹೆಸರುಬೇಳೆ, ಮೆಂತ್ಯ ಹಾಕಿ ಬೇಯಿಸಿದ ಈ ಗಂಜಿ ದಿನವಿಡೀ ಬರಿದಾಗಿದ್ದ ಹೊಟ್ಟೆಗೆ ಹಿತಕರ. ಸಣ್ಣಕ್ಕಿಯ ಬಿರಿಯಾನಿಯೂ ಅದರ ಜೊತೆಗಿನ ಬದನೆಕಾಯಿ ಗೊಜ್ಜೂ ಆಂಬೂರಿನ ಕೊಡುಗೆ. ಅಕ್ಕಿಹಿಟ್ಟಿನ ತೆಳ್ಳನೆಯ ಪತ್ತಿರಿ ಮಲಬಾರಿನದು. ಇಂದು ಇವನ್ನೆಲ್ಲ ನಾವು ‘ಬೆಂಗಳೂರು ರಮಝಾನ್’ ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಪ್ರತಿ ಖಾದ್ಯದ ಹಿಂದೆ ಊರು ಬಿಟ್ಟು ಬಂದ ಒಂದು ಕುಟುಂಬವಿದೆ ಎಂಬುದನ್ನು ಮರೆಯಬಾರದು.

ಆದರೆ ಓದುಗರೇ, ಹಬ್ಬವೆಂದರೆ ಕೇವಲ ಊಟವಲ್ಲ. ಈದುಲ್ ಫಿತ್ರ್‌ನ ನಮಾಝ್‌ಗೆ ಹೊರಡುವ ಮೊದಲೇ ಫಿತ್ರ್ ಝಕಾತ್ ಕೊಡಬೇಕು. ಹನಫಿ ಮದ್‌ಹಬ್‌ನವರು ಅದರ ಬೆಲೆಯನ್ನು ಹಣವಾಗಿಯೂ ಕೊಡುತ್ತಾರೆ, ಶಾಫಿಗಳು ಧಾನ್ಯವನ್ನೇ ಅಳೆದು ಕೊಡುತ್ತಾರೆ. ಉದ್ದೇಶ ಒಂದೇ, ಆ ದಿನ ಯಾವ ಬಡವನೂ ಕೈಚಾಚುವಂತಾಗಬಾರದು. ಬಕ್ರೀದ್‌ನಲ್ಲಿ ಮಾಂಸವನ್ನು ಮೂರು ಪಾಲು ಮಾಡಿ ಮನೆಗೆ, ಬಂಧುಮಿತ್ರರಿಗೆ ಮತ್ತು ಬಡವರಿಗೆ ಹಂಚುವುದು ರೂಢಿ. ಕುರ್ಬಾನಿಯ ಚರ್ಮವನ್ನು ಮದ್ರಸಾಗಳಿಗೂ ಅನಾಥಾಲಯಗಳಿಗೂ ಕೊಡುವ ಪದ್ಧತಿಯೂ ಹಳೆಯದು. ಎಷ್ಟೋ ಬಡ ಮಕ್ಕಳ ಊಟ, ಪುಸ್ತಕಗಳಿಗೆ ಆ ಹಣ ನೆರವಾಗಿದೆ. ಇತ್ತೀಚಿನ ವರ್ಷಗಳಲ್ಲಿ ಚರ್ಮದ ಬೆಲೆ ಕುಸಿದು ಈ ಆದಾಯ ಕುಗ್ಗಿದೆ. ಆ ಕೊರತೆಯನ್ನು ತುಂಬುವ ಹೊಣೆ ಈಗ ನಮ್ಮ ಮೇಲಿದೆ.

ಕೊಡುವ ಈ ಅಭ್ಯಾಸವೇ ಮನೆಯಿಂದ ಹೊರಬಂದು ಸಂಸ್ಥೆಗಳಾಗಿ ಬೆಳೆಯಿತು. 1933ರಲ್ಲಿ ಶಿವಾಜಿನಗರದ ರಸೆಲ್ ಮಾರ್ಕೆಟ್ಟನ್ನು ಉದ್ಘಾಟಿಸಿದ ಹಾಜಿ ಸರ್ ಇಸ್ಮಾಯಿಲ್ ಸೇಠರು ವ್ಯಾಪಾರದಲ್ಲಿ ಗಳಿಸಿದ್ದನ್ನು ಪರದೆಯಲ್ಲಿರುವ ಮಹಿಳೆಯರ ಚಿಕಿತ್ಸೆಗೆಂದು ಗೋಷಾ ಆಸ್ಪತ್ರೆಗೆ ವಿನಿಯೋಗಿಸಿದರು. 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರು ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಲು ಹೊರಟಾಗ ಅವರ ಬೆನ್ನಿಗೆ ನಿಂತದ್ದೂ ಇದೇ ದಾನಬುದ್ಧಿ.

ನೆರೆಹೊರೆಯ ವಿಷಯಕ್ಕೆ ಬರೋಣ. ರಸೆಲ್ ಮಾರ್ಕೆಟ್ಟಿನ ಸಮೀಪದಲ್ಲೇ ಸೇಂಟ್ ಮೇರಿ ಬೆಸಿಲಿಕಾ ಇದೆ. ಸೆಪ್ಟೆಂಬರ್ 8ರ ಹಬ್ಬದ ಮೆರವಣಿಗೆ ಇದೇ ಬೀದಿಗಳಲ್ಲಿ ಸಾಗುತ್ತದೆ. ಹಲಸೂರಿನಲ್ಲಿ ಪುರಾತನ ಸೋಮೇಶ್ವರ ದೇವಾಲಯವಿದೆ. ಇಂಥ ಕಡೆ ಬಾಳಿದ ನಮ್ಮ ಹಿರಿಯರು ಈದ್ ದಿನ ಪಕ್ಕದ ಮನೆಗೆ ಶೀರ್ ಖುರ್ಮಾ ಕಳಿಸದೆ ತಾವು ಊಟಕ್ಕೆ ಕೂರುತ್ತಿರಲಿಲ್ಲ. ಮಾಂಸ ತಿನ್ನದ ಮನೆಗೆ ಸಿಹಿಯನ್ನು ಬೇರೆ ಪಾತ್ರೆಯಲ್ಲಿ ಮಾಡಿ ಕಳಿಸುವ ಎಚ್ಚರಿಕೆಯೂ ಇತ್ತು. ಹೋದ ತಟ್ಟೆ ಬರಿದಾಗಿ ಹಿಂದಿರುಗುತ್ತಿರಲಿಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿರುತ್ತಿತ್ತು. ಆ ಸಕ್ಕರೆಗಿಂತ ದೊಡ್ಡ ಶಾಂತಿ ಸಮಿತಿ ಬೇಕೇ?

ಇಂದು ಕುಟುಂಬಗಳು ಹಳೆಯ ಗಲ್ಲಿಗಳನ್ನು ಬಿಟ್ಟು ಇಂದಿರಾನಗರ, ಕೆ.ಆರ್. ಪುರದ ಕಡೆಯ ಫ್ಲಾಟುಗಳಿಗೆ ಹೋಗಿವೆ. ಅನುಕೂಲಗಳು ಹೆಚ್ಚಿವೆ, ಅಲ್ಲಾಹನಿಗೆ ಸ್ತುತಿ. ಆದರೆ ಎದುರಿನ ಬಾಗಿಲಿನವರ ಹೆಸರು ಗೊತ್ತಿಲ್ಲ. ಬಿರಿಯಾನಿ ಹೋಟೆಲಿನಿಂದ ಬರುತ್ತದೆ, ಈದ್ ಮುಬಾರಕ್ ಮೊಬೈಲಿನಲ್ಲಿ ಹೋಗುತ್ತದೆ, ಹಿಸ್ಸಾ ಫ್ರಿಜ್ಜಿನಲ್ಲಿ ಉಳಿಯುತ್ತದೆ. ಹೊಸ ಬಟ್ಟೆಗೆ ಸಾವಿರಾರು ರೂಪಾಯಿ ಚೆಲ್ಲುವ ನಾವು ಮನೆಗೆಲಸಕ್ಕೆ ಬರುವ ಹೆಂಗಸಿನ ಮಗಳ ಶಾಲಾ ಶುಲ್ಕವನ್ನು ಒಮ್ಮೆಯಾದರೂ ವಿಚಾರಿಸಿದ್ದೇವೆಯೇ? ಹಬ್ಬ ಮನೆಯೊಳಗೇ ಮುಗಿದರೆ ಅದರ ಅರ್ಧ ಭಾಗ ಕಳೆದುಹೋದಂತೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ನನ್ನದೊಂದು ವಿನಂತಿ. ಬರುವ ಈದ್‌ಗೆ ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. ನಮ್ಮವರು ಯಾವ ಊರಿನಿಂದ ಬಂದರು? ಚಾಂದ್ ರಾತ್‌ನಂದು ಏನು ಮಾಡುತ್ತಿದ್ದರು? ಈದಿ ಎಷ್ಟು ಸಿಗುತ್ತಿತ್ತು? ತಟ್ಟೆ ಯಾವ ಯಾವ ಮನೆಗೆ ಹೋಗುತ್ತಿತ್ತು? ಅವರು ಹೇಳಿದ್ದನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಬರೆದಿಡಿ. ಸರ್ಕಾರಿ ಗೆಜೆಟಿಯರ್‌ಗಳಲ್ಲಿ ಈ ಸಂಗತಿಗಳು ಸಿಗಲಾರವು. ಹೇಳುವವರು ಹೊರಟುಹೋದರೆ ಕೇಳಲು ಯಾರೂ ಉಳಿಯುವುದಿಲ್ಲ.

ಈದ್ ನಮಾಝ್‌ಗೆ ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಮರಳುವುದು ಪ್ರವಾದಿವರ್ಯರ (ಸ) ಸುನ್ನತ್. ಹೆಚ್ಚು ಜನರಿಗೆ ಸಲಾಂ ಹೇಳಿ, ಹೆಚ್ಚು ಜನರ ಸುಖದುಃಖ ವಿಚಾರಿಸಲಿ ಎಂಬುದು ಇದರ ಒಂದು ಹಿತವೆಂದು ವಿದ್ವಾಂಸರು ವಿವರಿಸಿದ್ದಾರೆ. ಮುಂದಿನ ಈದ್‌ನಂದು ಮನೆಗೆ ಮರಳುವಾಗ ನೀವೂ ಒಂದು ಹೊಸ ಬಾಗಿಲನ್ನು ತಟ್ಟಿರಿ. ಕೈಯಲ್ಲಿ ಒಂದು ತಟ್ಟೆ ಇರಲಿ. ಅಲ್ಲಾಹನು ನಮ್ಮ ಮನೆಗಳ ಹಬ್ಬವನ್ನು ಎಲ್ಲರ ಹಬ್ಬವಾಗಿಸಲಿ, ಆಮೀನ್.