ಮಳೆ ಒಂದು ನೆಪ: ಮಾಳೀಣ್ ಕುಸಿದ ಬೆಳಗು

ಹೋದ ವಾರ ಆಫೀಸಿನ ಊಟದ ಟೇಬಲ್‌ನಲ್ಲಿ ಗುಲ್ಮಾರ್ಗ್‌ನ ಹಿಮಕುಸಿತದ ವೀಡಿಯೋ ನೋಡ್ತಿದ್ವಿ. "ಸ್ಕೀ ಮಾಡೋಕೆ ಹೋದೋರದ್ದೇ ತಪ್ಪು ಬಿಡಿ" ಅಂದರು ಒಬ್ಬರು. ಅರ್ಧ ನಿಜ. ಸ್ಕೀ ಮಾಡುವವರು ಸಿಕ್ಕಿಬೀಳುವ ಕುಸಿತಗಳಲ್ಲಿ ಹೆಚ್ಚಿನವು ಅವರ ಅಥವಾ ಅವರ ತಂಡದವರ ಭಾರದಿಂದಲೇ ಶುರುವಾಗುತ್ತವೆ. ಆದರೆ ಒಬ್ಬ ಮನುಷ್ಯನ ತೂಕಕ್ಕೆ ಇಡೀ ಗುಡ್ಡದ ಹಿಮ ಯಾಕೆ ಜಾರಬೇಕು?

ಉತ್ತರ ಅಡಿಯಲ್ಲಿದೆ. ಚಳಿಗಾಲದ ಆರಂಭದಲ್ಲಿ ಬಿದ್ದ ತೆಳು ಹಿಮ, ಕೊರೆಯುವ ಗಾಳಿ ಮತ್ತು ಬೆಚ್ಚಗಿನ ನೆಲದ ನಡುವೆ ಸಿಕ್ಕಿ, ಸಕ್ಕರೆಯಂಥ ಬಿಡಿ ಹರಳುಗಳಾಗುತ್ತದೆ. ಅವು ಒಂದಕ್ಕೊಂದು ಅಂಟುವುದಿಲ್ಲ. ಆಮೇಲೆ ಅದರ ಮೇಲೆ ಗಟ್ಟಿ ಹಿಮ ಕೂರುತ್ತದೆ. ಓರೆ ಹಲಗೆ ಮೇಲೆ ಸಕ್ಕರೆ ಹರಡಿ, ಅದರ ಮೇಲೆ ಕಡಪಾ ಕಲ್ಲು ಇಟ್ಟ ಹಾಗೆ! ಸ್ಕೀ ಮಾಡುವವನು ತಟ್ಟುವುದು ಕೊನೆಯಲ್ಲಿ; ದೌರ್ಬಲ್ಯ ವಾರಗಟ್ಟಲೆ ಮೊದಲೇ ಇರುತ್ತದೆ.

ಪುಣೆಯಲ್ಲಿ ಹಿಮ ಎಲ್ಲಿ ಬಂತು ಅಂತೀರಾ? ಹಿಮ ಇಲ್ಲ, ಆದರೆ ಜಾರುವ ಗುಡ್ಡ ಇದೆ. ನಮ್ಮ ಜಿಲ್ಲೆಯ ಆಂಬೇಗಾಂವ್ ತಾಲೂಕಿನಲ್ಲಿ, ಡಿಂಭೆ ಅಣೆಕಟ್ಟಿನ ಆಚೆ, ಮಾಳೀಣ್ ಅಂತ ಒಂದು ಊರು. 2014ರ ಜುಲೈ 30ರ ಬೆಳಗ್ಗೆ ಅದರ ಮೇಲಿದ್ದ ಗುಡ್ಡ ಮನೆಗಳ ಮೇಲೆ ಬಂತು. ಸತ್ತವರು 151 ಜನ, ಹೆಚ್ಚಿನವರು ಮಹಾದೇವ ಕೋಳಿ ಸಮುದಾಯದವರು. ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದ್ದು ಎಸ್‌ಟಿ ಬಸ್ಸಿನ ಡ್ರೈವರ್: ದಿನಾ ಕಾಣುತ್ತಿದ್ದ ಊರು ಅವತ್ತು ಕಾಣಲೇ ಇಲ್ಲ.

ಸುರಿದದ್ದು ಭಾರೀ ಮಳೆ, ನಿಜ. ಆದರೆ ಮಳೆ ಸುತ್ತಲಿನ ಗುಡ್ಡಗಳಿಗೆಲ್ಲ ಬಿತ್ತಲ್ವಾ? ಈ ಘಟ್ಟ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಪದರಗಳದ್ದು. ಮೇಲೆ ಸವೆದ ಸಡಿಲ ಮಣ್ಣು, ಕೆಳಗೆ ಗಟ್ಟಿ ಕಪ್ಪು ಕಲ್ಲು. ನೀರು ಇಳಿದು ಕಲ್ಲಿನ ಮೇಲೆ ತಡೆದು ನಿಂತರೆ, ಒಳಗಿನ ಒತ್ತಡ ಏರಿ ಮಣ್ಣಿನ ಹಿಡಿತ ತಪ್ಪುತ್ತದೆ. ಇಳಿಜಾರನ್ನು ಜೆಸಿಬಿಯಿಂದ ಕಡಿದು 'ಪಡಕಯಿ' ಎಂಬ ಮೆಟ್ಟಿಲು ಗದ್ದೆ ಮಾಡಿದ್ದು, ಮರ ಕಡಿದದ್ದು ಇದಕ್ಕೆಷ್ಟು ಕಾರಣ ಅಂತ ದೊಡ್ಡ ವಾದವೇ ನಡೆಯಿತು.

ನಾವು ಸಾಫ್ಟ್‌ವೇರ್‌ನೋರಿಗೆ ಇದು ಹೊಸದಲ್ಲ. ಸರ್ವರ್ ಬಿದ್ದಾಗ ಕೊನೆಯ ಬದಲಾವಣೆ ಮಾಡಿದವನನ್ನು ಹಿಡೀತೀವಿ; ವರ್ಷಗಳಿಂದ ಬಿಟ್ಟ ಹಳೇ ಕೋಡ್ ನೋಡೋದಿಲ್ಲ. ಆದರೆ ಸರ್ವರ್ ಮತ್ತೆ ಎಬ್ಬಿಸಬಹುದು. ಊರನ್ನು?

ಸರ್ಕಾರ ಹೊಸ ಮಾಳೀಣ್ ಕಟ್ಟಿ 2017ರ ಏಪ್ರಿಲ್‌ನಲ್ಲಿ ಮನೆ ಹಂಚಿತು. ಅದೇ ವರ್ಷದ ಮೊದಲ ಜೋರು ಮಳೆಗೆ ಅಲ್ಲೂ ನೆಲ ಕುಸಿದು, ರಸ್ತೆ ಬಿರುಕು ಬಿಟ್ಟು ಜನ ಬೆದರಿದರು. ಒಮ್ಮೆ ಎಲ್ಲ ಕಳೆದುಕೊಂಡವರಿಗೆ ಮತ್ತೆ ಅದೇ ಭಯ.

ಕೊಡಗು 2018, ಅಂಕೋಲಾದ ಶಿರೂರು 2024, ವಯನಾಡು 2024. ವಯನಾಡಿನದೂ ಜುಲೈ 30; ಮಾಳೀಣ್‌ಗೆ ಸರಿಯಾಗಿ ಹತ್ತು ವರ್ಷ. ಪ್ರತಿಸಲವೂ ಮೊದಲ ಉತ್ತರ ಒಂದೇ: "ಮಳೆ ಜಾಸ್ತಿ ಬಂತು."

ಈ ಮಳೆಗಾಲದಲ್ಲಿ ನಮ್ಮ ಗುಂಪೂ ಭೀಮಾಶಂಕರದ ಟ್ರೆಕ್ ಹಾಕಿದೆ. ನಾನು ಕೇಳಿದ್ದು ಇಷ್ಟೇ: ಜೋರು ಮಳೆಯಾದರೆ ರದ್ದು ಮಾಡೋಣ. ಗುಡ್ಡದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಝರಿ ಕಂಡರೆ ವಾಪಸ್ ಬರೋಣ. ಊರಲ್ಲಿ ಗುಡ್ಡ ಕಡಿದು ಸೈಟ್ ಮಾಡಿದವರ ಹತ್ತಿರ ಮನೆ ನೋಡ್ತಿದ್ದೀರಾ? ಕಿಟಕಿಯಿಂದ ಏನು ಕಾಣುತ್ತೆ ಅಂತ ಆಮೇಲೆ ಕೇಳಿ. ಮನೆ ಹಿಂದಿನ ಗುಡ್ಡದ ನೀರು ಎಲ್ಲಿಗೆ ಹೋಗುತ್ತೆ ಅಂತ ಮೊದಲು ಕೇಳಿ.