ಹಗ್ಗ ಬರುವ ಮುನ್ನಿನ ಬಂಡೆಗಳು

ಹಗ್ಗವಿಲ್ಲದೆ ಬಂಡೆ ಹತ್ತುವುದನ್ನು ಆಧುನಿಕರ ಹುಂಬತನವೆಂದು ಬಗೆಯುವ ರೂಢಿಯಿದ್ದರೂ, ಇಂಗ್ಲೆಂಡಿನ ವಾಯವ್ಯದಲ್ಲಿರುವ ಲೇಕ್ ಡಿಸ್ಟ್ರಿಕ್ಟ್ ಎಂಬ ಬೆಟ್ಟಸೀಮೆಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ: ಅಲ್ಲಿ ಬರಿಗೈಯ ಏರಿಕೆಯೇ ಮೊದಲಿನದು, ಹಗ್ಗ ತಡವಾಗಿ ಬಂದದ್ದು. ಇಂದು ಸ್ಕ್ರ್ಯಾಂಬ್ಲಿಂಗ್ ಎನಿಸಿಕೊಳ್ಳುವ, ಅಂದರೆ ನಡಿಗೆಗೆ ನಿಲುಕದ ಕಡಿದಾದ ಬಂಡೆಯನ್ನು ಕೈಕಾಲುಗಳ ಹಿಡಿತದಿಂದಲೇ ಹತ್ತುವ ಈ ಬಗೆ, ಆ ಸೀಮೆಯ ಕುರುಬರ ಪಾಲಿಗೆ ದಿನನಿತ್ಯದ ಕೆಲಸದ ಭಾಗವಾಗಿತ್ತು. ಹುಲ್ಲಿನಾಸೆಗೆ ಬಂಡೆಯ ಕಿರುಜಗಲಿಗಿಳಿದ ಕುರಿ ಮರಳಿ ಮೇಲೇರಲಾರದೆ ಸಿಕ್ಕಿಕೊಂಡಾಗ ಅದನ್ನು ತರಲು ಕುರಿ ಕಾಯುವವನೇ ಹೋಗಬೇಕಾಗುತ್ತಿತ್ತು. ಸುಮಾರು 45 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಗಳಿಂದಾದ ಅಲ್ಲಿನ ಶಿಲೆ ಒರಟಾಗಿ, ಬಿರುಕುಗಳಿಂದ ಕೂಡಿ, ಬೆರಳಿಗೂ ಪಾದಕ್ಕೂ ಹಿಡಿತ ಕೊಡುವಂಥದು.

1802ರ ಆಗಸ್ಟ್ 5ರಂದು ಕವಿ ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್, ಪೊರಕೆಯಿಂದ ಕಿತ್ತ ಕೋಲನ್ನು ಊರುಗೋಲಾಗಿಸಿಕೊಂಡು, ಮಸಿಕುಡಿಕೆಯನ್ನೂ ಹೊತ್ತು, 964 ಮೀಟರ್ ಎತ್ತರದ ಸ್ಕಾಫೆಲ್ ಏರಿ, ಶಿಖರದಲ್ಲೇ ಕುಳಿತು ಗೆಳತಿ ಸಾರಾ ಹಚಿನ್ಸನ್‌ಗೆ ಪತ್ರ ಬರೆದನು. ಇಳಿಯಲು ಅವನು ದಾರಿ ವಿಚಾರಿಸಲಿಲ್ಲ. ಕಣ್ಣಿಗೆ ಬಿದ್ದ ಕಡೆಯಿಂದಲೇ ಹೊರಟು, ಇಂದು ಬ್ರಾಡ್ ಸ್ಟ್ಯಾಂಡ್ ಎಂದು ಕರೆಯುವ ಮೆಟ್ಟಿಲು ಮೆಟ್ಟಿಲಾದ ಬಂಡೆಗೆ ಬಂದನು. ಅಂಚಿಗೆ ಕೈಯಿಂದ ಜೋತುಬಿದ್ದು ಕೆಳಗಿನ ಜಗಲಿಗೆ ಧುಮುಕುತ್ತ, ಹಿಂದಿರುಗಲಾಗದ ಹಂತಕ್ಕೆ ಬಂದಾಗ ಅವನ ಕೈಕಾಲುಗಳು ನಡುಗುತ್ತಿದ್ದವು. ಆಗ ಅಂಗಾತ ಮಲಗಿ ತನ್ನ ಹುಚ್ಚುತನಕ್ಕೆ ತಾನೇ ನಗತೊಡಗಿದೆನೆಂದು ಅವನೇ ಬರೆದಿದ್ದಾನೆ. ಕಡೆಗೆ ಬೆನ್ನಿನ ಚೀಲವನ್ನು ಪಕ್ಕಕ್ಕೆ ಸರಿಸಿಕೊಂಡು ಕಿರಿದಾದ ಬಿರುಕೊಂದರೊಳಗೆ ಜಾರಿ ಪಾರಾದನು. ಬೆಟ್ಟವನ್ನು ದೂರದಿಂದ ಕಂಡು ಬಣ್ಣಿಸುತ್ತಿದ್ದ ಆ ಕಾಲದಲ್ಲಿ, ಭಯವನ್ನೂ ಅದರೊಳಗಿನ ಉಲ್ಲಾಸವನ್ನೂ ಮೈಯ ಅನುಭವವಾಗಿ ದಾಖಲಿಸಿದ ಈ ಪತ್ರದ ಬೆಲೆ ದೊಡ್ಡದು.

ಎನ್ನರ್‌ಡೇಲ್ ಕಣಿವೆಯ ಜಾನ್ ಅಟ್ಕಿನ್ಸನ್ 1826ರಲ್ಲಿ ಪಿಲ್ಲರ್ ರಾಕ್ ಎಂಬ ಕಡಿದಾದ ಬಂಡೆಯನ್ನು ಹತ್ತಿದ ಮೇಲೆ ಊರ ಹೊರಗಿನವರೂ ಅದರತ್ತ ಬಂದರು. ಪಾದ್ರಿ ಜೇಮ್ಸ್ ಜ್ಯಾಕ್ಸನ್ ತನ್ನ 79ನೆಯ ವಯಸ್ಸಿನಲ್ಲಿ, 1875ರಲ್ಲಿ, ಅದರ ನೆತ್ತಿ ಮುಟ್ಟಿದನು. 1878ರಲ್ಲಿ ಮತ್ತೆ ಒಬ್ಬನೇ ಹೋಗಿ ಬಿದ್ದು ಸತ್ತನು.

ಈ ನಡುವೆ 1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ ಹುಟ್ಟಿತ್ತು. ಆಲ್ಪ್ಸ್‌ನ ಹಿಮದ ಮೇಲೆ ಹಗ್ಗದಿಂದ ಒಬ್ಬರಿಗೊಬ್ಬರು ಬಿಗಿದುಕೊಂಡು ನಡೆಯುವ ಪದ್ಧತಿ ನಿಧಾನವಾಗಿ ಈ ಬಂಡೆಗಳಿಗೂ ಬಂತು. ಆದರೂ ಕ್ರೀಡೆಯಾಗಿ ಬಂಡೆ ಹತ್ತುವುದರ ಆರಂಭವೆಂದು ಸಾಮಾನ್ಯವಾಗಿ ಗುರುತಿಸುವ ಏರಿಕೆಯೇ ಹಗ್ಗವಿಲ್ಲದ್ದು: 1886ರಲ್ಲಿ ವಾಲ್ಟರ್ ಪ್ಯಾರಿ ಹ್ಯಾಸ್ಕೆಟ್ ಸ್ಮಿತ್ ನೇಪ್ಸ್ ನೀಡಲ್ ಎಂಬ ಸೂಜಿಗಲ್ಲನ್ನು ಒಬ್ಬನೇ ಏರಿದನು. ತುದಿ ಸಮತಟ್ಟಾಗಿದೆಯೇ ಎಂದು ತಿಳಿಯಲು ಕೆಳಗಿನಿಂದ ಚಪ್ಪಟೆ ಕಲ್ಲುಗಳನ್ನೆಸೆದು, ಅವು ಉರುಳದೆ ನಿಂತದ್ದನ್ನು ಕಂಡ ಮೇಲೆಯೇ ಮುಂದುವರಿದನು. ಇದು ದುಡುಕಲ್ಲ, ಲೆಕ್ಕಾಚಾರ. ಇನ್ನೊಂದೆಡೆ, ನಡುವಿಗೆ ಸುತ್ತಿದ ಅಂದಿನ ಸೆಣಬಿನ ಹಗ್ಗವೂ ಪೂರ್ತಿ ನಂಬಿಕೆಗೆ ಅರ್ಹವಾಗಿರಲಿಲ್ಲ. 1903ರಲ್ಲಿ ಸ್ಕಾಫೆಲ್ ಪಿನಾಕಲ್ ಎಂಬಲ್ಲಿ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದ ನಾಲ್ವರೂ ಒಟ್ಟಿಗೆ ಬಿದ್ದು ಸತ್ತರು.

ಮುಂದೆ ಉಪಕರಣಗಳು ಸುಧಾರಿಸಿ ಬಂಡೆ ಹತ್ತುವುದು ಪ್ರತ್ಯೇಕ ವಿದ್ಯೆಯಾದಂತೆ, ನಡಿಗೆಗೂ ಅದಕ್ಕೂ ನಡುವಿನ ಹಳೆಯ ದಾರಿಗಳಿಗೆ 1980ರ ದಶಕದ ಕೈಪಿಡಿಗಳು ಕಷ್ಟಕ್ಕೆ ತಕ್ಕಂತೆ 1ರಿಂದ 3ರವರೆಗೆ ದರ್ಜೆ ಕೊಟ್ಟವು. ಬ್ರಾಡ್ ಸ್ಟ್ಯಾಂಡ್ ಮಾತ್ರ ಇಂದಿಗೂ ನಡೆಯುವವರನ್ನು ಮೋಸಗೊಳಿಸುತ್ತದೆ. ಪಕ್ಕದ ಶಿಖರವಾದ ಸ್ಕಾಫೆಲ್ ಪೈಕ್‌ನಿಂದ ಸ್ಕಾಫೆಲ್‌ಗೆ ಅದು ತೀರ ಹತ್ತಿರದ ದಾರಿಯಂತೆ ತೋರುವುದರಿಂದ, ಅಲ್ಲಿ ಸಿಕ್ಕಿಕೊಂಡವರನ್ನೂ ಬಿದ್ದವರನ್ನೂ ತರಲು ರಕ್ಷಣಾ ತಂಡಗಳು ಹೋಗಬೇಕಾಗುತ್ತದೆ. ಬಲ್ಲವರು ಸಾಕಷ್ಟು ಎತ್ತರ ಕಳೆದುಕೊಂಡರೂ ಸರಿಯೆಂದು ಕೆಳಗಿಳಿದು, ಫಾಕ್ಸಸ್ ಟಾರ್ನ್ ಎಂಬ ಪುಟ್ಟ ಕೊಳದ ಬದಿಯಿಂದ ಸುತ್ತಿ ಹತ್ತುತ್ತಾರೆ.